ಪ್ರಶ್ನೋತ್ತರ: ಕಲೆಗೆ ಸರ್ಕಾರದ ನೆರವು, ಕೇಳುವವರಿಗೆ ದಾರಿ

ಕಲಾವಿದರಿಗೆ ಸರ್ಕಾರದಿಂದ ದೊರೆಯುವ ನೆರವಿನ ಬಗ್ಗೆ ಬಂದ ಪತ್ರಗಳಲ್ಲಿ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಊರುಗಳನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನಮ್ಮದು ಪೂಜಾ ಕುಣಿತದ ತಂಡ. ತಮಟೆಗಳೂ ಉಡುಪುಗಳೂ ಹಳೆಯದಾಗಿವೆ. ಸಹಾಯ ಕೇಳಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹೋಗಬೇಕೋ, ಜಾನಪದ ಅಕಾಡೆಮಿಗೆ ಬರೆಯಬೇಕೋ? ಎರಡೂ ಒಂದೇ ಅಲ್ಲವೇ? (ಮದ್ದೂರು ತಾಲ್ಲೂಕು)

ಉತ್ತರ: ಒಂದೇ ಅಲ್ಲ. ಆದರೆ ಅಕಾಡೆಮಿಗೆ ಅನುದಾನ ಹರಿದುಬರುವುದು ಇಲಾಖೆಯ ಮೂಲಕವೇ ಆದ್ದರಿಂದ ಈ ಗೊಂದಲ ಹುಟ್ಟುವುದು ಸಹಜ. ಇಲಾಖೆಯು ಸರ್ಕಾರದ ಆಡಳಿತದ ಒಂದು ಅಂಗ. ಅದಕ್ಕೆ ಸಚಿವರೂ ನಿರ್ದೇಶಕರೂ ಇದ್ದಾರೆ, ಜಿಲ್ಲೆಗಳಲ್ಲಿ ಕಚೇರಿಗಳಿವೆ. ಅಕಾಡೆಮಿಗಳು ಒಂದೊಂದು ಕ್ಷೇತ್ರಕ್ಕೆ ಮೀಸಲಾದ ಸಂಸ್ಥೆಗಳು. ಸಾಹಿತ್ಯ, ನಾಟಕ, ಸಂಗೀತ ನೃತ್ಯ, ಲಲಿತಕಲೆ, ಶಿಲ್ಪಕಲೆ, ಜಾನಪದ, ಯಕ್ಷಗಾನ, ಬಯಲಾಟ ಇವುಗಳಿಗೆಲ್ಲ ಪ್ರತ್ಯೇಕ ಅಕಾಡೆಮಿಗಳಿದ್ದು, ಅವುಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ಸರ್ಕಾರವೇ ಮೂರು ವರ್ಷಗಳ ಅವಧಿಗೆ ನಾಮನಿರ್ದೇಶನ ಮಾಡುತ್ತದೆ. ಇವು ದೆಹಲಿಯ ಅಕಾಡೆಮಿಗಳ ಶಾಖೆಗಳೆಂದು ತಿಳಿದವರೂ ಇದ್ದಾರೆ. 1953ರಲ್ಲಿ ಆರಂಭವಾದ ಸಂಗೀತ ನಾಟಕ ಅಕಾಡೆಮಿ ಕೇಂದ್ರ ಸರ್ಕಾರದ್ದು. ನಮ್ಮ ರಾಜ್ಯದ ಅಕಾಡೆಮಿಗಳು ಅದಕ್ಕೆ ಅಧೀನವಲ್ಲ.

ಅಕಾಡೆಮಿಯ ಕೆಲಸವು ಹೆಚ್ಚಾಗಿ ಗೌರವ ಪ್ರಶಸ್ತಿ, ವಿಚಾರ ಸಂಕಿರಣ, ತರಬೇತಿ ಶಿಬಿರ, ದಾಖಲೀಕರಣ ಮತ್ತು ಪುಸ್ತಕ ಪ್ರಕಟಣೆಗೆ ಸಂಬಂಧಿಸಿದ್ದು. ವಾದ್ಯ ಪರಿಕರ ಮತ್ತು ವೇಷಭೂಷಣ ಖರೀದಿಗೆ ಸಹಾಯಧನ, ಸಂಘ ಸಂಸ್ಥೆಗಳಿಗೆ ಧನಸಹಾಯ, ಉತ್ಸವಗಳಲ್ಲಿ ಕಾರ್ಯಕ್ರಮ ಕೊಡುವ ಅವಕಾಶ ಇವು ಇಲಾಖೆಯ ಯೋಜನೆಗಳು. ಆದ್ದರಿಂದ ನೀವು ಮೊದಲು ಹೋಗಬೇಕಾದದ್ದು ಮಂಡ್ಯದಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಗೆ. ಅರ್ಜಿಗಳನ್ನು ಈಗ ಸೇವಾಸಿಂಧು ಜಾಲತಾಣದ ಮೂಲಕ ಸಲ್ಲಿಸಬೇಕಾಗುತ್ತದೆ. ಅರ್ಜಿ ಕರೆಯುವ ಪ್ರಕಟಣೆ ಪತ್ರಿಕೆಗಳಲ್ಲಿ ಸಣ್ಣದಾಗಿ ಬಂದುಹೋಗುವುದರಿಂದ ಕಚೇರಿಯನ್ನು ಆಗಾಗ ವಿಚಾರಿಸುತ್ತಿರುವುದು ಒಳ್ಳೆಯದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲಾವಿದರಿಗೆ ವಿಶೇಷ ಘಟಕ ಯೋಜನೆ ಮತ್ತು ಗಿರಿಜನ ಉಪಯೋಜನೆಯ ಅಡಿಯಲ್ಲಿ ಪ್ರತ್ಯೇಕ ಹಣವಿರುತ್ತದೆ. ನಿಮ್ಮ ತಂಡದಲ್ಲಿ ತಮಟೆಯವರು ಆ ಸಮುದಾಯದವರಾಗಿದ್ದರೆ ಅದನ್ನೂ ಕೇಳಿ ತಿಳಿದುಕೊಳ್ಳಿ.

ತೊಡಕಿರುವುದು ನೋಂದಣಿಯಲ್ಲಿ. ಸಂಸ್ಥೆಯ ಹೆಸರಿನಲ್ಲಿ ಧನಸಹಾಯ ಪಡೆಯಬೇಕಾದರೆ ಆ ಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಅಥವಾ ನ್ಯಾಸವಾಗಿ ನೋಂದಣಿಯಾಗಿರಬೇಕು, ಲೆಕ್ಕಪರಿಶೋಧನೆ ಮಾಡಿಸಿರಬೇಕು, ಪಡೆದ ಹಣಕ್ಕೆ ಬಳಕೆ ಪ್ರಮಾಣಪತ್ರ ಒಪ್ಪಿಸಬೇಕು. ಪೂಜಾ ಕುಣಿತವಾಗಲಿ ಸೋಮನ ಕುಣಿತವಾಗಲಿ ಊರ ದೇವತೆಯ ಹಬ್ಬದ ಜೊತೆಗೆ ಬೆಳೆದುಬಂದವು. ಅಲ್ಲಿ ದೇವತೆಯ ಸೇವೆ ಮಾಡುವ ಗುಡ್ಡಪ್ಪನಿರುತ್ತಾನೆ, ಪೂಜೆ ಹೊರುವವನಿರುತ್ತಾನೆ, ಯಜಮಾನನಿರುತ್ತಾನೆ, ಆದರೆ ಖಜಾಂಚಿ ಇರುವುದಿಲ್ಲ. ಈ ಕೊರತೆಯನ್ನು ಬಳಸಿಕೊಂಡು ಪಟ್ಟಣದ ಯಾರೋ ತಮ್ಮ ಹೆಸರಿನಲ್ಲಿ ಸಂಸ್ಥೆ ನೋಂದಾಯಿಸಿ, ಹಳ್ಳಿಯ ತಂಡಗಳನ್ನು ಕರೆದೊಯ್ದು, ಸಂಭಾವನೆಯ ದೊಡ್ಡ ಪಾಲನ್ನು ತಾವೇ ಇಟ್ಟುಕೊಳ್ಳುವುದು ನಮ್ಮ ಜಿಲ್ಲೆಗಳಲ್ಲಿ ಹೊಸ ಸಂಗತಿಯೇನಲ್ಲ. ಕಲಾವಿದರ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಹಾಕುವ ಕ್ರಮ ಬಂದ ಮೇಲೆ ಇದಕ್ಕೆ ಕಡಿವಾಣ ಬಿದ್ದಿದೆಯಾದರೂ ಪೂರ್ಣವಾಗಿ ನಿಂತಿಲ್ಲ. ಊರಿನವರೇ ಸೇರಿ ನೋಂದಣಿ ಮಾಡಿಸಿಕೊಳ್ಳಿರಿ. ಊರಿನ ಓದಿದ ಹುಡುಗನೋ ಹುಡುಗಿಯೋ ಕಾರ್ಯದರ್ಶಿಯಾದರೆ ಲೆಕ್ಕಪತ್ರದ ಕೆಲಸ ಅಷ್ಟೇನೂ ಕಷ್ಟವಾಗದು.

ಪ್ರಶ್ನೆ: ನಮ್ಮ ತಂದೆ ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವವರು. ಅವರಿಗೆ ಮಾಸಾಶನ ಸಿಗುತ್ತದೆಯೇ? ಅವರ ಬಳಿ ಯಾವ ಸರ್ಟಿಫಿಕೇಟೂ ಇಲ್ಲ. (ಮಳವಳ್ಳಿ ತಾಲ್ಲೂಕು)

ಉತ್ತರ: ಕಷ್ಟದಲ್ಲಿರುವ, 58 ವರ್ಷ ದಾಟಿದ ಸಾಹಿತಿ ಮತ್ತು ಕಲಾವಿದರಿಗೆ ಇಲಾಖೆಯು ಮಾಸಾಶನ ಕೊಡುತ್ತದೆ. ವಯಸ್ಸು, ವರಮಾನ ಮತ್ತು ದೀರ್ಘಕಾಲದ ಕಲಾಸೇವೆ ಈ ಮೂರಕ್ಕೂ ಆಧಾರ ಬೇಕು. ಮೊದಲೆರಡು ಸರ್ಕಾರಿ ದಾಖಲೆಗಳಿಂದ ಸಿಗುತ್ತವೆ. ಮೂರನೆಯದರಲ್ಲಿಯೇ ನಿಮ್ಮ ತಂದೆಯವರಂಥವರು ಸೋಲುವುದು. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರದ ಪರಂಪರೆಗೆ ಸೇರಿದ, ಆ ಕಥೆ ಹಾಡುವ ನೀಲಗಾರರು ರಾತ್ರಿಯಿಡೀ ಹಾಡಿದ್ದಕ್ಕೆ ಯಾರೂ ರಸೀದಿ ಬರೆದುಕೊಟ್ಟಿರುವುದಿಲ್ಲ. ಜಾತ್ರೆ, ಉತ್ಸವಗಳ ಆಹ್ವಾನ ಪತ್ರಿಕೆ, ಹಳೆಯ ಛಾಯಾಚಿತ್ರ, ಪತ್ರಿಕೆಯ ತುಣುಕು, ವಿಶ್ವವಿದ್ಯಾಲಯದ ಸಂಶೋಧಕರು ಧ್ವನಿಮುದ್ರಿಸಿಕೊಂಡಿದ್ದರೆ ಅವರಿಂದ ಒಂದು ಪತ್ರ, ಮೈಸೂರು ಆಕಾಶವಾಣಿಯಲ್ಲಿ ಹಾಡಿದ್ದರೆ ಅದರ ಕರಾರುಪತ್ರ ಇವನ್ನೆಲ್ಲ ಹುಡುಕಿ ಒಂದೆಡೆ ಸೇರಿಸಿ. ಅರ್ಜಿದಾರರ ಕಲೆಯನ್ನು ಸಮಿತಿ ಪ್ರತ್ಯಕ್ಷವಾಗಿ ಪರಿಶೀಲಿಸುವಾಗ ತಂಬೂರಿ, ಡಕ್ಕೆ, ಗಗ್ಗರಗಳೊಂದಿಗೆ ಹೋಗಿ ಹಾಡಲು ನಿಮ್ಮ ತಂದೆ ಹಿಂಜರಿಯದಿರಲಿ. ಕಾಗದಕ್ಕಿಂತ ಅಲ್ಲಿ ಹಾಡೇ ಅವರ ಪರವಾಗಿ ಹೆಚ್ಚು ಹೇಳೀತು.

ಪ್ರಶ್ನೆ: ದಸರೆಗೆ ಸರ್ಕಾರ ಕೋಟಿಗಟ್ಟಲೆ ಖರ್ಚು ಮಾಡುತ್ತದೆ. ಇದನ್ನು ಕಲೆಗೆ ಕೊಡುವ ಪ್ರೋತ್ಸಾಹವೆನ್ನಬೇಕೇ, ಕೇವಲ ಆಡಂಬರವೆನ್ನಬೇಕೇ? (ಸರಸ್ವತಿಪುರಂ, ಮೈಸೂರು)

ಉತ್ತರ: ಎರಡೂ ಹೌದು, ಆದರೆ ಅವುಗಳ ಪ್ರಮಾಣ ಹೇಗಿದೆ ಎಂಬುದನ್ನು ನೋಡಬೇಕು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಅರಮನೆಯ ಹಬ್ಬವಾಗಿದ್ದ ಕಾಲದಲ್ಲಿ ಕಲಾವಿದನಿಗೂ ಅರಮನೆಗೂ ಇದ್ದ ಸಂಬಂಧ ಹತ್ತು ದಿನಗಳದ್ದಾಗಿರಲಿಲ್ಲ. ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಆಸ್ಥಾನ ವಿದ್ವಾಂಸರಾಗಿ ವರ್ಷವಿಡೀ ಆಶ್ರಯ ಪಡೆದವರು. ತಿರುಮಕೂಡಲಿನ ಪಿಟೀಲು ಚೌಡಯ್ಯನವರಿಗೂ ಆ ಮನ್ನಣೆ ದೊರೆಯಿತು. ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ರಕಲೆಯ ಅಭ್ಯಾಸಕ್ಕಾಗಿ ಕಲ್ಕತ್ತೆಗೆ, ಅವನೀಂದ್ರನಾಥ ಟಾಗೋರರ ಬಳಿಗೆ ಕಳುಹಿಸಿದರು. ಆ ಆಶ್ರಯ ಕೆಲವರಿಗಷ್ಟೇ ದಕ್ಕಿತೆಂಬುದೂ, ತಮಟೆಯವನಿಗೂ ಕಂಸಾಳೆಯವನಿಗೂ ಆಸ್ಥಾನದಲ್ಲಿ ಆಸನವಿರಲಿಲ್ಲವೆಂಬುದೂ ಅಷ್ಟೇ ನಿಜ.

ದಸರೆ ನಾಡಹಬ್ಬವಾದ ಮೇಲೆ ಈ ಅನುಪಾತ ತಿರುಗುಮುರುಗಾಯಿತು. ಇಂದು ಅರಮನೆಯ ಮುಂದಿನ ವೇದಿಕೆಯ ಜೊತೆಗೆ ಕಲಾಮಂದಿರ, ಪುರಭವನ, ಜಗನ್ಮೋಹನ ಅರಮನೆ, ಗಾನಭಾರತಿಯ ವೀಣೆ ಶೇಷಣ್ಣ ಭವನ, ಚಿಕ್ಕಗಡಿಯಾರದ ಬಳಿಯ ವೇದಿಕೆ ಹೀಗೆ ಊರೆಲ್ಲ ಹಾಡು ಕುಣಿತಗಳು ನಡೆಯುತ್ತವೆ. ಜಂಬೂಸವಾರಿಯಲ್ಲಿ ನಾಡಿನ ಮೂಲೆಮೂಲೆಯ ಜನಪದ ತಂಡಗಳು ಸಾಗುತ್ತವೆ. ಬಾಗಿಲು ಅಗಲವಾಗಿದೆ, ಅವಧಿ ಕಿರಿದಾಗಿದೆ. ರಾಜ್ಯ ಸಂಗೀತ ವಿದ್ವಾನ್ ಪ್ರಶಸ್ತಿಯನ್ನು ದಸರೆಯ ಸಂದರ್ಭದಲ್ಲಿಯೇ ಕೊಡುವುದು ಹಳೆಯ ಆಸ್ಥಾನ ಗೌರವದ ಮುಂದುವರಿಕೆಯಂತೆ ಕಾಣುತ್ತದೆ. ಅದು ಯೋಗ್ಯವಾದ ಸಂಪ್ರದಾಯ. ಆದರೆ ಚಿತ್ರನಟರಿಗೂ ಹೆಸರಾಂತ ಗಾಯಕರಿಗೂ ಒಂದು ಸಂಜೆಗೆ ಕೊಡುವ ಮೊತ್ತವನ್ನೂ, ಬಿಸಿಲಿನಲ್ಲಿ ಮೈಲಿಗಟ್ಟಲೆ ಕುಣಿಯುತ್ತ ಬನ್ನಿಮಂಟಪದವರೆಗೆ ಹೋಗುವ ತಂಡಕ್ಕೆ ಕೊಡುವ ಮೊತ್ತವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಿಮ್ಮ ಸಿಟ್ಟಿಗೆ ಕಾರಣವಿದೆಯೆಂದು ಒಪ್ಪಬೇಕಾಗುತ್ತದೆ. ಮೊದಲನೆಯವರಿಗೆ ಮುಂಗಡ, ಎರಡನೆಯವರಿಗೆ ಹಬ್ಬ ಮುಗಿದು ತಿಂಗಳುಗಳಾದ ಮೇಲೆ ಪಾವತಿ ಎಂಬ ದೂರು ನಮ್ಮ ಅಂಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಖರ್ಚನ್ನು ಕಡಿಮೆ ಮಾಡಿರೆಂದು ಹೇಳುವವರ ಪೈಕಿ ನಾನಲ್ಲ. ಮೆರವಣಿಗೆಯ ತಂಡಗಳಿಗೆ ಊರು ಬಿಡುವ ಮೊದಲೇ ಅರ್ಧ ಸಂಭಾವನೆ ಕೈಸೇರಲಿ, ಉಳಿದದ್ದು ವಿಜಯದಶಮಿಯ ವಾರದಲ್ಲಿ ಸಲ್ಲಲಿ; ಆಡಂಬರದ ಮಾತು ಆಮೇಲೆ.

ಪ್ರಶ್ನೆ: ರಂಗಾಯಣದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಸಂಬಳ ಪಡೆದು ನಾಟಕವಾಡಿದರೆ ಅದು ಕಲೆಯೇ? ಹವ್ಯಾಸಿಗಳಾದ ನಾವು ಕೈಯಿಂದ ಹಣ ಹಾಕಿ ಆಡುತ್ತೇವೆ. (ಕುವೆಂಪುನಗರ, ಮೈಸೂರು)

ಉತ್ತರ: ಪ್ರಶ್ನೆಯ ಹಿಂದಿನ ನೋವು ಅರ್ಥವಾಗುತ್ತದೆ, ವಾದವನ್ನು ಒಪ್ಪಲಾಗದು. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಕಲಾಮಂದಿರದ ಆವರಣದಲ್ಲಿ ರಂಗಾಯಣ ಆರಂಭವಾದಾಗ, ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಹುಡುಕದೆ ಬೆಳಗಿನಿಂದ ರಾತ್ರಿಯವರೆಗೆ ರಂಗಭೂಮಿಯನ್ನೇ ಬದುಕುವ ನಟರ ತಂಡವೊಂದು ಕನ್ನಡಕ್ಕೆ ಬೇಕೆಂಬುದೇ ಅದರ ಆಲೋಚನೆಯಾಗಿತ್ತು. 2010ರಲ್ಲಿ ಕುವೆಂಪು ಅವರ ಮಹಾಕಾದಂಬರಿಯೊಂದನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಅದೇ ಆವರಣದ ನಾಲ್ಕು ವೇದಿಕೆಗಳಲ್ಲಿ ರಾತ್ರಿಯಿಡೀ ಆಡಲಾಯಿತು. ಜನ ಚಾಪೆ ಕಂಬಳಿಗಳೊಂದಿಗೆ ಬಂದು, ವೇದಿಕೆಯಿಂದ ವೇದಿಕೆಗೆ ನಡೆದು, ಬೆಳಗಿನವರೆಗೆ ನೋಡಿದರು. ಕಚೇರಿ ಮುಗಿಸಿ ಸಂಜೆ ಆರಕ್ಕೆ ತಾಲೀಮಿಗೆ ಸೇರುವ ತಂಡಕ್ಕೆ ಎಷ್ಟೇ ಪ್ರತಿಭೆಯಿದ್ದರೂ ಅಂಥ ಪ್ರಯೋಗಕ್ಕೆ ಬೇಕಾದ ಸಮಯವಿರುವುದಿಲ್ಲ. ಸಂಬಳ ಕೊಟ್ಟದ್ದು ಆ ಸಮಯಕ್ಕೆ.

ರಂಗಾಯಣವನ್ನು ಪ್ರಶ್ನಿಸಬೇಕಾದದ್ದು ಬೇರೆ ನೆಲೆಯಲ್ಲಿ. ಅದರ ಆಡಳಿತ ಮಂಡಳಿಯಾದ ರಂಗಸಮಾಜಕ್ಕೆ ಸದಸ್ಯರನ್ನು ಸರ್ಕಾರ ನೇಮಿಸುತ್ತದೆ, ನಿರ್ದೇಶಕರ ನೇಮಕವೂ ಸರ್ಕಾರದ್ದೇ. ಹೀಗಾಗಿ ವಿಧಾನಸೌಧದಲ್ಲಿ ಗಾಳಿ ಬದಲಾದಾಗ ರಂಗಾಯಣವಿರುವ ಹುಣಸೂರು ರಸ್ತೆಯಲ್ಲೂ ಅದರ ತಂಪೋ ಬಿಸಿಯೋ ತಟ್ಟುತ್ತದೆ. ನಾಟಕದ ಆಯ್ಕೆ, ರಂಗಾಯಣ ನಡೆಸುವ ಬಹುರೂಪಿ ನಾಟಕೋತ್ಸವದ ಅತಿಥಿಗಳ ಪಟ್ಟಿ ಕೂಡ ಬೀದಿಯ ಜಗಳಕ್ಕೆ ಕಾರಣವಾದದ್ದನ್ನು ಮೈಸೂರಿನವರು ನೋಡಿದ್ದಾರೆ. ಅಕಾಡೆಮಿಗಳ ಪಾಡೂ ಇದೇ: ಸರ್ಕಾರ ಬದಲಾದೊಡನೆ ನಾಮನಿರ್ದೇಶನಗಳು ರದ್ದಾಗುತ್ತವೆ, ಹೊಸಬರು ಬರುವವರೆಗೆ ಅಧ್ಯಕ್ಷರ ಕುರ್ಚಿ ಖಾಲಿಯಿರುತ್ತದೆ, ಆ ಅವಧಿಯಲ್ಲಿ ಪ್ರಶಸ್ತಿಗಳೂ ಶಿಬಿರಗಳೂ ನಿಂತುಹೋಗುತ್ತವೆ. ಹಣ ಸರ್ಕಾರದ್ದಾದರೂ ಆಯ್ಕೆ ಕಲಾವಿದರದ್ದಾಗಿರಬೇಕೆಂಬ ನಿಯಮ ಗಟ್ಟಿಯಾಗದ ಹೊರತು ಇದು ತಪ್ಪುವುದಿಲ್ಲ.

ಹವ್ಯಾಸಿ ತಂಡಗಳಿಗೆ ಇಲಾಖೆಯ ಧನಸಹಾಯದ ದಾರಿಯಿದೆ, ನಾಟಕ ಅಕಾಡೆಮಿಯ ಕಾರ್ಯಕ್ರಮಗಳಿವೆ. ಆದರೆ ನಿಮ್ಮಂಥವರಿಗೆ ನಗದಿಗಿಂತ ಹೆಚ್ಚು ಬೇಕಾದದ್ದು ಕೈಗೆಟಕುವ ಬಾಡಿಗೆಯ ರಂಗಮಂದಿರವೆಂದು ನನಗೆ ತೋರುತ್ತದೆ. ನಗರದ ತಂಡಗಳು ಒಟ್ಟಾಗಿ ಕೇಳಬೇಕಾದ ಬೇಡಿಕೆ ಅದು.

ಪ್ರಶ್ನೆ: ರಾಜ್ಯೋತ್ಸವ ಪ್ರಶಸ್ತಿಯ ಸಂಖ್ಯೆ ಪ್ರತಿವರ್ಷ ಏಕೆ ಬದಲಾಗುತ್ತದೆ? ಜನಪದ ಕಲಾವಿದರಿಗೆ ಬೇರೆ ಪ್ರಶಸ್ತಿಗಳಿವೆಯೇ? (ಪಾಂಡವಪುರ)

ಉತ್ತರ: ರಾಜ್ಯ ಏಕೀಕರಣವಾದ 1956ರಿಂದ ಎಣಿಸಿ ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಪ್ರಶಸ್ತಿಗಳನ್ನು ಕೊಡುವ ಕ್ರಮವಿದೆ, ಆದ್ದರಿಂದ 2023ರಲ್ಲಿ 68, 2024ರಲ್ಲಿ 69 ಆದವು. ಹಿಂದೆ ಸಂಖ್ಯೆಗೆ ಮಿತಿಯೇ ಇಲ್ಲದೆ ಕೊನೆಯ ರಾತ್ರಿಯವರೆಗೂ ಪಟ್ಟಿ ಬೆಳೆಯುತ್ತಿದ್ದುದನ್ನು ನೆನೆದರೆ ಇದು ವಾಸಿ. ಇಲಾಖೆಯ ಜಾನಪದಶ್ರೀ ಪ್ರಶಸ್ತಿ ಜನಪದ ಕಲಾವಿದರಿಗೇ ಮೀಸಲು. ಶಿಲ್ಪಕ್ಕೆ ಜಕಣಾಚಾರಿ, ರಂಗಭೂಮಿಗೆ ಗುಬ್ಬಿ ವೀರಣ್ಣ, ಸಂಗೀತಕ್ಕೆ ಟಿ. ಚೌಡಯ್ಯ, ಚಿತ್ರಕಲೆಗೆ ವರ್ಣಶಿಲ್ಪಿ ವೆಂಕಟಪ್ಪ ಎಂಬ ಹೆಸರಿನ ಪ್ರಶಸ್ತಿಗಳಿವೆ. ಜಾನಪದ ಅಕಾಡೆಮಿಯ ಗೌರವ ಪ್ರಶಸ್ತಿಗೆ ಜಿಲ್ಲೆಗಳಿಂದ ಕಲಾವಿದರನ್ನು ಆರಿಸುವುದರಿಂದ ಪಾಂಡವಪುರದ ಕಲಾವಿದರಿಗೆ ಅದೇ ಹತ್ತಿರದ ಮೆಟ್ಟಿಲು.

ಪ್ರಶ್ನೆ: ಮಗಳಿಗೆ ಚಿತ್ರಕಲೆಯಲ್ಲೂ ಸಂಗೀತದಲ್ಲೂ ಒಲವಿದೆ. ಹತ್ತಿರದಲ್ಲಿ ಸರ್ಕಾರಿ ಸಂಸ್ಥೆಗಳಲ್ಲಿ ಕಲಿಯಬಹುದೇ? (ಕೃಷ್ಣರಾಜಪೇಟೆ)

ಉತ್ತರ: ಮೈಸೂರಿನಲ್ಲಿ ಎರಡಕ್ಕೂ ಅವಕಾಶವಿದೆ. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಪರಂಪರೆಯಿಂದ ಬೆಳೆದ, ಊರಿನವರು ಕಾವಾ ಎಂದು ಕರೆಯುವ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್ ಮೊದಲಾದ ವಿಷಯಗಳಲ್ಲಿ ಪದವಿ ಪಡೆಯಬಹುದು. ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ರಾಜ್ಯ ವಿಶ್ವವಿದ್ಯಾಲಯವಿದೆ. ಎರಡೂ ಕಡೆಗಳಲ್ಲಿ ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಬಹಳ ಕಡಿಮೆ. ಮಗಳು ಇನ್ನೂ ಶಾಲೆಯಲ್ಲಿದ್ದರೆ ಬೇಸಿಗೆ ರಜೆಯಲ್ಲಿ ರಂಗಾಯಣದ ಚಿಣ್ಣರ ಮೇಳಕ್ಕೆ ಸೇರಿಸಬಹುದು. ಅದರ ಅರ್ಜಿಗಳು ಬೇಗ ಮುಗಿದುಹೋಗುವುದರಿಂದ ಪ್ರಕಟಣೆ ಬಂದ ದಿನವೇ ವಿಚಾರಿಸಿರಿ.