ಓದಿದರೂ ಕಲಿಯದ ಜರ್ಮನ್

ಪ್ರಶ್ನೆ: ‘ಸ್ಟಡಿ’, ‘ಲರ್ನ್’ ಎರಡಕ್ಕೂ ‘ಕಲಿ’ ಎಂದೇ ಅರ್ಥ ಹೇಳುತ್ತಾರೆ. ವ್ಯತ್ಯಾಸವಿಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದೆ, ಅದಕ್ಕೆ ನಾನೇ ಸಾಕ್ಷಿ. ಕಾಲೇಜಿನಲ್ಲಿ ಎರಡು ವರ್ಷ ಜರ್ಮನ್ ಸ್ಟಡಿ ಮಾಡಿದೆ, ಲರ್ನ್ ಮಾಡಲಿಲ್ಲ. ಉಳಿದಿರುವುದು ‘ಗೂಟನ್ ಮಾರ್ಗನ್’ (ಶುಭೋದಯ) ಒಂದೇ. ಪುಸ್ತಕ ಹಿಡಿದು ಕೂರುವ ಶ್ರಮ ಸ್ಟಡಿ. ವಿದ್ಯೆ ತಲೆಗೋ ಕೈಗೋ ಹತ್ತಿದರೆ ಲರ್ನ್. ಸೈಕಲ್ ತುಳಿಯುವುದು, ಅಜ್ಜಿಯ ಪಕ್ಕ ಕುಳಿತು ಹೋಳಿಗೆ ತಟ್ಟುವುದು ಎಲ್ಲವೂ ಲರ್ನ್. ಈಜನ್ನು ಸ್ಟಡಿ ಮಾಡಿದೆ ಎಂದರೆ ನೀವು ನೀರಿಗೇ ಇಳಿಯದೆ ಪ್ರಬಂಧ ಬರೆದಿರಬೇಕು ಎಂದುಕೊಂಡಾರು! ಯಾರದೋ ಮದುವೆಯ ಸುದ್ದಿ ತಿಳಿಯಿತು ಎನ್ನಲೂ ಲರ್ನ್ ಬರುತ್ತದೆ. ನಕ್ಷೆಯನ್ನು ಕಣ್ಣಿಟ್ಟು ನೋಡುವುದಕ್ಕೆ ಸ್ಟಡಿಯೇ ಬೇಕು.

ಸ್ಟಡಿಯ ಮೂಲ ಲ್ಯಾಟಿನ್ನಿನ ‘ಸ್ಟೂಡಿಯುಮ್’. ಅದರ ಅರ್ಥ ಉತ್ಸಾಹ, ಆಸಕ್ತಿ. ನಮ್ಮ ಜರ್ಮನ್ ತರಗತಿಯಲ್ಲಿ ಅದೂ ಇರಲಿಲ್ಲ ಬಿಡಿ.

ಕನ್ನಡಿಗರು ಎಡವುವುದು ಇನ್ನೊಂದು ಕಡೆ. ನಮ್ಮ ‘ಓದು’ ಸ್ಟಡಿಯೂ ಹೌದು, ರೀಡ್ ಕೂಡ ಹೌದು. ಹಾಗಾಗಿ ‘ಮಗ ಹತ್ತನೇ ತರಗತಿ ಓದುತ್ತಿದ್ದಾನೆ’ ಎಂಬುದಕ್ಕೆ ‘ರೀಡಿಂಗ್’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಳ್ಳುತ್ತೇವೆ. ಆಕ್ಸ್‌ಫರ್ಡಿನಲ್ಲಿ ಕಾನೂನನ್ನು ರೀಡ್ ಮಾಡುತ್ತಾರೆ ಎಂಬುದು ಬೇರೆ ಮಾತು. ನಮ್ಮ ಮೇಷ್ಟ್ರು ಅದನ್ನು ಒಪ್ಪುತ್ತಿರಲಿಲ್ಲ.