ವಾಟ್ಸನ್ ‘ಹಲೋ’ ಎನ್ನುವಂತಿರಲಿಲ್ಲ

ಆತ್ಮೀಯರೇ,

ಗ್ರಹಾಂ ಬೆಲ್ ಕುರಿತ ನಿಮ್ಮ ಲೇಖನ ಓದಿದೆ. ಕಿವಿ ಮಂದವಾಗಿದ್ದ ತಾಯಿಯ ಹಣೆಗೆ ಬಾಯಿ ಹತ್ತಿರ ತಂದು ಹುಡುಗ ಮಾತಾಡುವ ಭಾಗ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆದರೆ 1876ರ ಮಾರ್ಚ್ 10ರ ಸಂಜೆಯನ್ನು, ಅಂದರೆ ಬೆಲ್ ಆಡಿದ ಮಾತು ಟೆಲಿಫೋನಿನಲ್ಲಿ ಮೊದಲ ಸಲ ಅವರ ಸಹಾಯಕ ಥಾಮಸ್ ವಾಟ್ಸನ್‌ಗೆ ಕೇಳಿಸಿದ ಸಂಜೆಯನ್ನು, ಹೀಗೆ ಅಚ್ಚು ಹಾಕಲು ನನಗೆ ಮನಸ್ಸಿಲ್ಲ.

“ಗಂಟೆ ಬಾರಿಸಿತು. ವಾಟ್ಸನ್ ರಿಸೀವರ್ ಎತ್ತಿ ‘ಹಲೋ’ ಎಂದ.” ಬಾಸ್ಟನ್ನಿನ ಆ ಮನೆಯಲ್ಲಿ ಟೆಲಿಫೋನಿನ ಗಂಟೆ ಎಲ್ಲಿತ್ತು? ಅದು ಸೇರಿದ್ದು ಆಮೇಲೆ. ಎತ್ತಿಕೊಳ್ಳುವಂಥ ರಿಸೀವರೂ ಇರಲಿಲ್ಲ. ಇದ್ದದ್ದು ವಿದ್ಯುತ್ಕಾಂತದ ಎದುರು ಕೂರಿಸಿದ ಉಕ್ಕಿನ ತೆಳು ಪಟ್ಟಿ. ವಾಟ್ಸನ್ ಅದಕ್ಕೆ ಒಂದು ಕಿವಿ ಒತ್ತಿ, ಇನ್ನೊಂದನ್ನು ಕೈಯಿಂದ ಮುಚ್ಚಿಕೊಂಡಿದ್ದರು. ಎರಡೂ ಕೋಣೆಗಳ ಬಾಗಿಲು ಹಾಕಿತ್ತು. ಆಚೆ ಕೋಣೆಯಿಂದ ಬೆಲ್ ಕೂಗಿದರು: “ಮಿಸ್ಟರ್ ವಾಟ್ಸನ್, ಇಲ್ಲಿ ಬನ್ನಿ, ನಿಮ್ಮನ್ನು ನೋಡಬೇಕು.” ತಿರುಗಿ ಮಾತು ಕಳಿಸುವ ಸಾಧನ ವಾಟ್ಸನ್ ಬಳಿ ಇರಲೇ ಇಲ್ಲ. ಎದ್ದು ಬಂದರಲ್ಲ, ಅದೇ ಉತ್ತರ. ಕೇಳಿಸಿದ್ದೇನೆಂದು ಬೆಲ್ ವಾಟ್ಸನ್ ಬಾಯಲ್ಲೇ ಹೇಳಿಸಿದರು. ಆಮೇಲೆ ಇಬ್ಬರೂ ಜಾಗ ಬದಲಾಯಿಸಿದರು. ವಾಟ್ಸನ್ ಪುಸ್ತಕದಿಂದ ಓದಿದ್ದು ಜೋರಾಗಿ ಕೇಳಿಸಿತು, ಆದರೆ ಅಸ್ಪಷ್ಟವಾಗಿ. ಇದೆಲ್ಲ ಬೆಲ್ ತಮ್ಮ ಪ್ರಯೋಗದ ಟಿಪ್ಪಣಿಯಲ್ಲಿ ಬರೆದಿಟ್ಟದ್ದು. ನೀವು ಅರ್ಧ ಪುಟ ಕೊಟ್ಟಿರುವ, ಬಟ್ಟೆಗೆ ಆಮ್ಲ ಚೆಲ್ಲಿಕೊಂಡ ಪ್ರಸಂಗ ಅಲ್ಲಿಲ್ಲ. ಅದು ವಾಟ್ಸನ್ ಎಷ್ಟೋ ವರ್ಷಗಳ ನಂತರ ಹೇಳಿದ್ದು. ಬೇಕೆಂದಿದ್ದರೆ ಅವರ ನೆನಪು ಎಂದೇ ಬರೆಯಿರಿ.

“ಬೆಲ್ ಧ್ವನಿ ತಂತಿಯಲ್ಲಿ ಓಡಿ ವಾಟ್ಸನ್ ಕಿವಿ ಸೇರಿತು.” ಈ ವಾಕ್ಯಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬಂತು, ಏಕೆಂದರೆ ಟೆಲಿಫೋನಿನ ಇಡೀ ಸೊಗಸು ಇದರಡಿ ಮುಚ್ಚಿಹೋಗಿದೆ. ತಂತಿಯಲ್ಲಿ ಓಡಿದ್ದು ಬ್ಯಾಟರಿಯ ಕರೆಂಟು. ಕೂಗುವ ಕೊಳವೆಯ ತಳದಲ್ಲಿ ಬಿಗಿದ ಚರ್ಮದ ಪೊರೆ, ಪೊರೆಗೆ ಕೂಡಿಸಿದ ಸೂಜಿಯಂಥ ಪ್ಲಾಟಿನಂ ತಂತಿ. ಅದರ ತುದಿ ಆಮ್ಲ ಬೆರೆಸಿದ ನೀರಿನಲ್ಲಿ. ಅದೇ ನೀರಿನಲ್ಲಿದ್ದ ಹಿತ್ತಾಳೆಯ ಕೊಳವೆ ಸರ್ಕ್ಯೂಟಿನ ಇನ್ನೊಂದು ತುದಿ. ಕೂಗಿದಾಗ ಪೊರೆ ನಡುಗಿ ಸೂಜಿ ಒಂದಿಷ್ಟೇ ಇಳಿದು ಏಳುತ್ತದೆ. ಇಳಿದಾಗ ನೀರಿಗೆ ತಾಗುವ ಮೈ ಹೆಚ್ಚುತ್ತದೆ, ಕರೆಂಟಿಗಿರುವ ಅಡ್ಡಿ, ಅಂದರೆ ರೋಧ, ತಗ್ಗಿ ಕರೆಂಟು ಏರುತ್ತದೆ. ಎದ್ದಾಗ ಕರೆಂಟು ಇಳಿಯುತ್ತದೆ. ಅದಕ್ಕೆ ತಕ್ಕಂತೆ ವಾಟ್ಸನ್ ಕೋಣೆಯ ವಿದ್ಯುತ್ಕಾಂತದ ಸೆಳೆತ ಹೆಚ್ಚುಕಡಿಮೆಯಾಗಿ ಉಕ್ಕಿನ ಪಟ್ಟಿಯೂ ನಡುಗುತ್ತದೆ. ಆ ನಡುಕವೇ ಕಿವಿಗೆ ಮಾತಾಗಿ ಕೇಳಿಸುತ್ತದೆ. ಸೂಜಿ ತೀರಾ ಆಳಕ್ಕೆ ಮುಳುಗಿದ್ದರೆ ಈ ವ್ಯತ್ಯಾಸ ಕುಗ್ಗಿ ಮಾತು ಮಂಕಾಗುತ್ತದೆ. ನೀರಿನಿಂದ ಹೊರಬಂದರೆ ಸರ್ಕ್ಯೂಟೇ ಕಡಿದು, ಟೆಲಿಗ್ರಾಫಿನಂತೆ ಕಟಕಟ ಸದ್ದಷ್ಟೇ ಉಳಿಯುತ್ತದೆ. ಕರೆಂಟು ಕಡಿಯದೆ, ಮಾತಿನ ಅಲೆಯಂತೆ ಏರಿಳಿಯಬೇಕು. ಮೂರು ದಿನ ಮೊದಲು, ಮಾರ್ಚ್ 7ರಂದು ಬೆಲ್‌ಗೆ ಸಿಕ್ಕ ಪೇಟೆಂಟಿನ ಜೀವ ಇದೇ. ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ನಾನು ಉಪಸಂಪಾದಕನ ಕೆಲಸ ಕಲಿಯುತ್ತಿದ್ದಾಗ, ಯಂತ್ರದ ಮೇಲಿನ ಲೇಖನ ಬಂದರೆ ಹಿರಿಯರು ಮೊದಲು ಪೆನ್ಸಿಲಿನಲ್ಲಿ ಅದರ ಚಿತ್ರ ಬರೆಸುತ್ತಿದ್ದರು. ಕರೆಂಟು ಹೊರಟ ಜಾಗಕ್ಕೆ ವಾಪಸು ಬರದಿದ್ದರೆ ಲೇಖನ ಅಚ್ಚಿಗೆ ಹೋಗುತ್ತಿರಲಿಲ್ಲ. ನೀವೂ ಬ್ಯಾಟರಿ, ನೀರಿನ ಬಟ್ಟಲು, ಪೊರೆ, ಸೂಜಿ, ಕಾಂತ, ಪಟ್ಟಿ ಇಷ್ಟನ್ನೂ ಕಾಗದದ ಮೇಲೆ ಜೋಡಿಸಿ ನೋಡಿ. ಆಮೇಲೆ ಆ ಸಂಜೆಯ ಭಾಗವನ್ನಷ್ಟೇ ಹೊಸದಾಗಿ ಬರೆದು, ಚಿತ್ರದ ಜೊತೆ ಕಳಿಸಿ.