ಕೊಳಕ್ಕೆ ಬೇಲಿ ಬೇಕೇ ಬೇಕಾ?

ಪ್ರಶ್ನೆ: ಮನೆಯಲ್ಲಿ ಈಜುಕೊಳ, ಪಕ್ಕದಲ್ಲೇ ಸ್ಪಾ (ಕೂತು ನೆನೆಯುವ ಬಿಸಿನೀರಿನ ತೊಟ್ಟಿ) ಇದೆ. ಮಗನಿಗೆ 3 ವರ್ಷ. ಯಾರಾದರೂ ಒಬ್ಬರು ನೋಡಿಕೊಳ್ಳುತ್ತಲೇ ಇರುತ್ತೇವೆ. ಆದರೂ ಬೇಲಿ ಬೇಕಾ?

ಉತ್ತರ: ಬೇಕು. ನೀವು ನೋಡ್ತಾನೇ ಇರುತ್ತೀರಿ, ಸರಿ, ಆದರೆ ಫೋನ್ ಬಂತು ಅಂತ ಒಳಗೆ ಹೋದ ಆ ಎರಡು ನಿಮಿಷಕ್ಕೇ ಈ ಬೇಲಿ. ಮುಳುಗುವ ಮಗು ಕೂಗಿಕೊಳ್ಳುವುದಿಲ್ಲ, ಹೆಚ್ಚಾಗಿ ಸದ್ದೇ ಇರುವುದಿಲ್ಲ.

ನಿಯಮ ಊರಿಂದೂರಿಗೆ ಬೇರೆ, ನಿಮ್ಮ ಸ್ಥಳೀಯ ಆಡಳಿತವನ್ನು ಕೇಳಿ. ಅಂದಾಜಿಗೆ ಆಸ್ಟ್ರೇಲಿಯಾದ್ದು ಹೇಳುತ್ತೇನೆ: ಬೇಲಿ ಕನಿಷ್ಠ 1.2 ಮೀಟರ್ ಎತ್ತರ, ಕೆಳಗಿನ ಸಂದು 10 ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಾರದು. ಗೇಟು ಕೊಳದಿಂದ ಹೊರಕ್ಕೆ ತೆರೆಯಬೇಕು, ಬಿಟ್ಟ ತಕ್ಷಣ ತಾನೇ ಮುಚ್ಚಿ ಚಿಲಕ ಬೀಳಬೇಕು.

ಜನ ತಪ್ಪುವುದು ಗೇಟಿನಲ್ಲೇ. ಓಡಾಡೋಕೆ ಸುಲಭ ಅಂತ ಅದಕ್ಕೊಂದು ಇಟ್ಟಿಗೆ ಒತ್ತಿಡುತ್ತಾರೆ, ಇನ್ನು ಬೇಲಿ ಸುಮ್ನೆ ಅಲಂಕಾರಕ್ಕೆ ಅಲ್ವಾ! ಬೇಲಿ ಹತ್ತಿರದ ಕುರ್ಚಿ, ಹೂಕುಂಡಗಳನ್ನೂ ತೆಗೆಯಿರಿ, ಮಕ್ಕಳಿಗೆ ಅವೇ ಏಣಿ.

ಸ್ಪಾಗೆ ಬೀಗ ಹಾಕುವ ಗಟ್ಟಿ ಮುಚ್ಚಳ ಇದ್ದರೆ ಕೆಲವು ಕಡೆ ಬೇಲಿಗೆ ವಿನಾಯಿತಿ ಇದೆ. ಮೇಲೆ ಹಾಸುವ ತೆಳು ಹಾಳೆ ಮಾತ್ರ ನಂಬಬೇಡಿ. ಮಗು ಅದರ ಕೆಳಗೆ ಸಿಕ್ಕಿಕೊಂಡರೆ ಕಾಣಿಸುವುದೂ ಇಲ್ಲ.